ಸೇತುವೆಯೇನೋ ಬಂತು, ಕಾಲುಸಂಕದ ಗತಿಯೇನು?

ಇಡ್ಲಿಗೋ ದೋಸೆಗೋ ನೆನೆಹಾಕಿದ್ದನ್ನು ರುಬ್ಬಲು ಸಂಜೆ ಹೊತ್ತು ಗ್ರೈಂಡರಿನ ಸ್ವಿಚ್ಚು ಹಾಕುತ್ತೀರಲ್ಲ, ಆ ಕರೆಂಟು ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ, ಸೋದರಿಯರೇ? ಯೋಚಿಸಿರಲಾರಿರಿ. ಇದ್ದಾಗ ಯಾರಿಗೂ ಅದರ ನೆನಪಿಲ್ಲ, ಹೋದಾಗ ಮಾತ್ರ ಎಲ್ಲರೂ ಶಾಪ ಹಾಕುವವರೇ. ನಮ್ಮ ನಾಡಿನ ಎಷ್ಟೋ ಮನೆಗಳಿಗೆ ದೀಪ ಹಚ್ಚಿದವಳು ಶರಾವತಿ. ಆ ದೀಪಕ್ಕಾಗಿ ಅರವತ್ತು ವರ್ಷ ನೀರಿನಾಚೆ ಕೂತವರಲ್ಲಿ ನಾನು ಸೇರಿದ ಮನೆಯವರೂ ಇದ್ದಾರೆ. ಈಗ ಅಲ್ಲಿಗೆ ಸೇತುವೆ ಬಂದಿದೆ. ಪತ್ರಿಕೆಗಳಲ್ಲಿ ಅದರ ಫೋಟೋ ನೀವೆಲ್ಲ ನೋಡಿಯೇ ಇರುತ್ತೀರಿ. ಫೋಟೋದಲ್ಲಿ ಕಾಣದ ನಾಲ್ಕು ಮಾತು ಹೇಳೋಣವೆಂದು ಈ ಬರಹ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಅದರ ಪೂರ್ಣಮಟ್ಟ 1819 ಅಡಿ. ನಿಲ್ಲುವ ನೀರು 150 ಟಿಎಂಸಿಗೂ ಹೆಚ್ಚು. ಈ ನೀರನ್ನು ನಂಬಿಕೊಂಡ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ಈ ಅಂಕಿಗಳನ್ನೆಲ್ಲ ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಅಣೆಕಟ್ಟಿನ ಹಿಂದೆ ನೀರು ಹರಡಿಕೊಂಡಿತಲ್ಲ, ಅದರ ಅಡಿಗೆ ಎಷ್ಟು ಗದ್ದೆ, ಎಷ್ಟು ತೋಟ, ಎಷ್ಟು ತುಳಸಿಕಟ್ಟೆ ಹೋಯಿತು ಎಂಬುದನ್ನು ಮಾತ್ರ ಯಾವ ಮಗುವೂ ಬಾಯಿಪಾಠ ಮಾಡುವುದಿಲ್ಲ.

ಕರೂರು ಮತ್ತು ಬಾರಂಗಿ ಹೋಬಳಿಗಳ ಊರುಗಳು, ಅಂದರೆ ತುಮರಿ, ಬ್ಯಾಕೋಡು, ಕಳಸವಳ್ಳಿ ಮೊದಲಾದವು, ಹೊಳೆಯಾಚೆ ಉಳಿದುಬಿಟ್ಟವು. ಸಿಗಂದೂರು ಚೌಡಮ್ಮನ ಸನ್ನಿಧಿಯೂ ಅಲ್ಲೇ. ನಕ್ಷೆ ಹಿಡಿದು ನೋಡುವವರು ಇದು ದ್ವೀಪವಲ್ಲ ಎಂದಾರು. ಸರಿಯೇ, ಹಿಂಬದಿಯಲ್ಲಿ ಘಟ್ಟದ ಕಾಡಿನ ಕಡೆಗೆ ನೆಲ ಇದೆ, ಕೊಲ್ಲೂರಿನ ಕಡೆ ಹೋಗುವ ದಾರಿಯೂ ಇದೆ. ಆದರೆ ರೇಷನ್ ಕಾರ್ಡಿಗೆ, ಪಹಣಿಗೆ, ಹೆರಿಗೆಗೆ, ಕಾಲೇಜಿಗೆ ಹೋಗಬೇಕಾದ ಸಾಗರ ಪೇಟೆ ಈ ಕಡೆ. ನೀರು ದಾಟದೆ ಹೋಗಬೇಕೆಂದರೆ ನಿಟ್ಟೂರು, ನಗರ, ಹೊಸನಗರ ಎಲ್ಲ ಸುತ್ತಿ ಬರಬೇಕು. ಸ್ವಂತ ತಾಲ್ಲೂಕು ಕಛೇರಿಗೆ ಇನ್ನೊಂದು ತಾಲ್ಲೂಕು ಸುತ್ತಿ ಹೋಗುವ ಪಾಡು ಎಲ್ಲಾದರೂ ಕೇಳಿದ್ದೀರಾ? ಹಾಗಾಗಿ ನಾವು ಅದನ್ನು ದ್ವೀಪವೆಂದೇ ಕರೆಯುತ್ತೇವೆ. ಕರೆಯುವ ಹಕ್ಕು ಅಲ್ಲಿ ಬಾಳಿದವರದ್ದು, ನಕ್ಷೆ ಬರೆದವರದ್ದಲ್ಲ.

ನನ್ನ ತವರು ಈ ಕಡೆ, ಸಾಗರದ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದವಳನ್ನು 2002ರಲ್ಲಿ ಆ ಕಡೆಗೆ ಕೊಟ್ಟರು. ಆಗ ನಮ್ಮ ದೊಡ್ಡಮ್ಮ, 'ಹುಡುಗ ಒಳ್ಳೆಯವನೇ ಸೈ, ಆದ್ರೆ ಹಿನ್ನೀರಿನ ಆಚೆಗೆ ಹೆಣ್ಣು ಕೊಡೂದು ಹ್ಯಾಂಗೆ ಮಾರಾಯ್ತಿ?' ಎಂದು ಅಮ್ಮನನ್ನು ಕೇಳಿದ್ದು ನನಗೆ ಒಳಮನೆಗೆ ಕೇಳಿಸಿತ್ತು. ದೊಡ್ಡಮ್ಮನೊಬ್ಬಳದೇ ಮಾತಲ್ಲ ಅದು. ಆಸ್ತಿ, ಗುಣ, ವಿದ್ಯೆ ಎಲ್ಲ ಇದ್ದೂ ನೀರಿನ ದೆಸೆಯಿಂದ ಮದುವೆ ಕೂಡಿ ಬರದೆ ಮೂವತ್ತೈದು ದಾಟಿದ ಗಂಡುಗಳು ನಮ್ಮ ಕಡೆ ಎಷ್ಟೋ ಜನ.

ನಮ್ಮತ್ತೆಗೆ ಈಗ ಎಪ್ಪತ್ತು ದಾಟಿದೆ. ನೀರು ಏರಿದಾಗ ಅವರು ಲಂಗ ಉಡುವ ಹುಡುಗಿ. ಹಳೆಯ ಮನೆ ಹೊಳೆಸಾಲಿನಲ್ಲಿತ್ತಂತೆ. ಹಿತ್ತಿಲಲ್ಲಿ ಒಂದು ಅಪ್ಪೆಮರ. ಉಪ್ಪಿನಕಾಯಿಗೆ ಮಿಡಿ ಹುಡುಕುವ ಸೋದರಿಯರಿಗೆ ಅಪ್ಪೆಮಿಡಿಯ ಬೆಲೆ ನಾನು ಹೇಳಬೇಕಾಗಿಲ್ಲ. ಹೊಳೆದಂಡೆಯ ಮರದ ಮಿಡಿಯ ಪರಿಮಳ ಗುಡ್ಡದ ಮರಕ್ಕೆ ಬರುವುದಿಲ್ಲ. 'ಮರ ಕಡ್ಯೂದಕ್ಕೂ ಮನಸಿಲ್ಲ, ಹೊತ್ಕಂಡು ಹೋಪುದಕ್ಕೂ ಆಗ್ತಿಲ್ಲೆ. ಆ ವರ್ಷದ ಮಿಡಿ ಕೊಯ್ದು ಉಪ್ಪುನೀರಿಗೆ ಹಾಕಿ ಭರಣಿ ಮಾತ್ರ ಗಾಡಿಗೆ ಏರ್ಸಿದ್ವಿ ತಂಗೀ' ಎನ್ನುತ್ತಾರೆ ಅತ್ತೆ. ಆ ಉಪ್ಪಿನಕಾಯಿ ಹೊಸಮನೆಯಲ್ಲಿ ಎರಡು ವರ್ಷ ಬಂತಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಪ್ಪಾದ ಬೊಡ್ಡೆಗಳು ಸಾಲಾಗಿ ಮೇಲೆ ಕಾಣುತ್ತವೆ. ಅವುಗಳಲ್ಲಿ ತಮ್ಮ ಮರ ಯಾವುದೆಂದು ಅತ್ತೆ ಈಗಲೂ ಹುಡುಕುವುದುಂಟು. (ಮುಳುಗಡೆಯಾದವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ಗೋಳು ಇನ್ನೊಂದು ದೊಡ್ಡ ಕಥೆ. ಅದಕ್ಕೆ ಬೇರೆಯೇ ಲೇಖನ ಬೇಕು.)

ದಾಟಲು ಇದ್ದದ್ದು ಲಾಂಚ್. ಈ ಕಡೆ ಅಂಬಾರಗೋಡ್ಲು, ಆ ಕಡೆ ಕಳಸವಳ್ಳಿ. ಈ ದಡಕ್ಕೆ ಹೊಳೆಬಾಗಿಲು ಎಂದೇ ಹೆಸರು. ಚಪ್ಪಟೆ ಕಬ್ಬಿಣದ ಲಾಂಚಿನ ಮೇಲೆ ಬಸ್ಸು, ಕಾರು, ಬೈಕು, ಹುಲ್ಲಿನ ಹೊರೆ, ಸಂತೆಯ ಚೀಲ, ಮದುವೆಯ ದಿಬ್ಬಣ, ಎಲ್ಲ ಒಟ್ಟಿಗೆ ಏರುತ್ತಿದ್ದವು. ಪ್ರವಾಸ ಬಂದವರಿಗೆ ಅದು ಬಲು ಸೊಗಸು. ಗಾಳಿಗೆ ಸೆರಗು ಹಾರಿಸಿಕೊಂಡು ಫೋಟೋ ತೆಗೆಸಿಕೊಂಡು, 'ಎಷ್ಟು ಚೆಂದದ ಜಾಗದಲ್ಲಿದೀರಿ, ನಿಮ್ಮ ಪುಣ್ಯ!' ಎನ್ನುತ್ತಿದ್ದರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಅವರು ವರ್ಷಕ್ಕೊಮ್ಮೆ ಹತ್ತುವವರು, ನಾವು ಹತ್ತದೆ ಗತಿಯಿಲ್ಲದವರು. ಸಂಕ್ರಾಂತಿಯ ಜಾತ್ರೆಗೂ ನವರಾತ್ರಿಗೂ ವಾಹನದ ಸಾಲು ಬೆಳೆದು ನಿಂತಾಗ, ಮನೆಗೆ ಹೋಗಬೇಕಾದ ನಾವೂ ಅದೇ ಸಾಲಿನಲ್ಲಿ ಬಿಸಿಲು ಕಾಯಬೇಕಿತ್ತು.

ಆದರೆ ನಿಜವಾದ ಕಷ್ಟ ದೂರದ್ದಲ್ಲ, ಹೊತ್ತಿನದು. ಇದನ್ನು ಗಂಡಸರಿಗಿಂತ ಹೆಂಗಸರು ಬೇಗ ಅರ್ಥ ಮಾಡಿಕೊಳ್ಳುತ್ತೀರಿ. ನಮ್ಮ ಮನೆಯ ಗಡಿಯಾರ ಗೋಡೆಯ ಮೇಲಿರಲಿಲ್ಲ, ಹೊಳೆಬಾಗಿಲಲ್ಲಿತ್ತು. ಬೆಳಗಿನ ಲಾಂಚಿಗೆ ಮಗನನ್ನು ಹೊರಡಿಸಬೇಕೆಂದರೆ ನಾಲ್ಕೂವರೆಗೆ ಒಲೆ ಹಚ್ಚಬೇಕು. ಪೇಟೆಗೆ ಹೋದರೆ ಡಾಕ್ಟರರು ಬಂದಿರಲಿ ಬಿಡಲಿ, ಕಛೇರಿಯ ಕೆಲಸ ಆಗಿರಲಿ ಬಿಡಲಿ, ಸಂಜೆಯ ಕೊನೆಯ ಲಾಂಚಿಗೆ ಓಡಲೇಬೇಕು. ತವರಿನಲ್ಲಿ ತಮ್ಮನ ಮದುವೆಯ ಆರತಕ್ಷತೆ ಸಂಜೆ ಇಟ್ಟುಕೊಂಡಿದ್ದರು. ನಾನು ಆರತಿ ತಟ್ಟೆ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಇವರು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ಮನೆಯಲ್ಲಿ ಕರೆಯುವ ಹಸು ಇತ್ತಲ್ಲ, ಉಳಿಯುವ ಹಾಗಿರಲಿಲ್ಲ.

ಹೆರಿಗೆಯ ಮಾತಿಗೆ ಬರೋಣ. ತುಮರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಆದರೂ ಕಷ್ಟದ ಹೆರಿಗೆಗೆ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಲೇಬೇಕು. ಎಂಟು ತುಂಬುತ್ತಿದ್ದ ಹಾಗೇ ಬಸುರಿಯನ್ನು ಹೊಳೆಯಿಂದ ಈಚೆ ನೆಂಟರ ಮನೆಯಲ್ಲಿ ತಂದಿಡುವುದು ನಮ್ಮಲ್ಲಿ ಶಾಸ್ತ್ರವೇ ಆಗಿಹೋಗಿತ್ತು. ನೆಂಟರಿಲ್ಲದವರು? 2009ರ ಆಷಾಢದಲ್ಲಿ ನೆರೆಮನೆಯ ಸೊಸೆಗೆ ದಿನಕ್ಕೆ ಮುಂಚೆಯೇ ನೋವು ಬಂತು. ರಾತ್ರಿ ಹತ್ತು ಗಂಟೆ, ಜಡಿಮಳೆ. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಡಕ್ಕೆ ಬಂದರೆ ಎದುರಿಗೆ ಕತ್ತಲೆಯ ನೀರು, ಆಚೆ ದಡದಲ್ಲಿ ಒಂದೇ ಒಂದು ದೀಪ. ಫೋನು ಹೋಗಿ, ಲಾಂಚಿನವರು ನಿದ್ದೆಯಿಂದ ಎದ್ದು ಬಂದು, ಎಂಜಿನ್ನು ಶುರುವಾಗುವಾಗ ಒಂದು ಗಂಟೆಯ ಮೇಲಾಗಿತ್ತು. ಅವಳು 'ಅಕ್ಕಾ, ಇನ್ನೆಷ್ಟು ಹೊತ್ತು?' ಎಂದು ಎಷ್ಟು ಸಲ ಕೇಳಿದಳೋ. ತಾಯಿ ಮಗು ಉಳಿದರು, ಆ ಹುಡುಗ ಈಗ ಹೈಸ್ಕೂಲು ಮುಗಿಸಿದ್ದಾನೆ. ಆ ಮಳೆಯಲ್ಲಿ ಬೈಯದೆ ಬಂದ ಲಾಂಚಿನ ಹುಡುಗರನ್ನು ನಾನು ಈಗಲೂ ನೆನೆಯುತ್ತೇನೆ. ಎಲ್ಲರ ಕಥೆಯೂ ಹೀಗೆ ಸುಖವಾಗಿ ಮುಗಿದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನೀರು ಹೆಚ್ಚಾದರೆ ಒಂದು ಕಷ್ಟ, ಕಡಿಮೆಯಾದರೆ ಇನ್ನೊಂದು. 2023ರ ಜೂನ್‌ನಲ್ಲಿ ಮಳೆ ತಡವಾಗಿ ಹಿನ್ನೀರು ತಳ ಕಂಡಿತು. ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಿದರು. ಗ್ಯಾಸ್ ಸಿಲಿಂಡರು, ಹಿಂಡಿ ಚೀಲ, ಮಗ್ಗುಲು ಬದಲಿಸಲಾರದ ರೋಗಿ, ಇವೆಲ್ಲ ಹೇಗೆ ದಾಟಬೇಕು? ನೀರಿಗೆ ಮನೆ ಕೊಟ್ಟವರು ಕೊನೆಗೆ ನೀರಿಲ್ಲವೆಂದು ದಡದಲ್ಲಿ ನಿಂತರು, ನೋಡಿ.

ಈ ಬಾಳನ್ನು ಹೊರಗಿನವರಿಗೆ ಮೊದಲು ತಿಳಿಸಿದವರು ಸಾಗರದ ನಾ. ಡಿಸೋಜ ಅವರು. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರ ಮಾಡಿದರು. ಸೌಂದರ್ಯ ಅದನ್ನು ನಿರ್ಮಿಸಿ ತಾವೇ ನಾಗಿಯ ಪಾತ್ರ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಟೀವಿಯಲ್ಲಿ ಬಂದಾಗ ಅತ್ತೆ ಪೂರಾ ನೋಡಲಿಲ್ಲ, ಅರ್ಧಕ್ಕೆ ಎದ್ದು ಕೊಟ್ಟಿಗೆಗೆ ಹೋದರು. ಡಿಸೋಜ ಅವರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಇನ್ನಾರು ತಿಂಗಳು ಇದ್ದಿದ್ದರೆ ಸೇತುವೆಯ ಮೇಲೆ ಹಾಯುತ್ತಿದ್ದರು.

ಹೌದು, 2025ರ ಜುಲೈ 14ರಂದು ಸೇತುವೆ ತೆರೆಯಿತು. ಬೇಡಿಕೆಗೆ ಹೆಚ್ಚುಕಡಿಮೆ ಅಣೆಕಟ್ಟಿನಷ್ಟೇ ವಯಸ್ಸು. ಅರ್ಜಿ, ಪಾದಯಾತ್ರೆ, ಭಾಷಣ ಎಲ್ಲ ಆಗಿ 2018ರಲ್ಲಿ ಶಂಕುಸ್ಥಾಪನೆಯಾಗಿತ್ತು. ಉದ್ಘಾಟನೆ ಮಾಡಿದವರು ಕೇಂದ್ರ ಸಚಿವ ನಿತಿನ್ ಗಡ್ಕರಿ. ಉದ್ದ ಸುಮಾರು 2.44 ಕಿಲೋಮೀಟರ್, ಅಗಲ 16 ಮೀಟರ್, ಖರ್ಚು 470 ಕೋಟಿ ರೂಪಾಯಿಯ ಮೇಲೆ. ನಡುಭಾಗದಲ್ಲಿ ಎತ್ತರದ ಕಂಬಗಳಿಂದ ಎರಡೂ ಬದಿಗೆ ದಪ್ಪ ಉಕ್ಕಿನ ಹಗ್ಗಗಳನ್ನು ಇಳಿಬಿಟ್ಟು ಸೇತುವೆಯನ್ನು ಹಿಡಿದಿದ್ದಾರೆ. ಹೀಗೆ ಮಾಡಿದರೆ ಆಳದ ನೀರಿನಲ್ಲಿ ಕಂಬಗಳನ್ನು ದೂರ ದೂರ ನಿಲ್ಲಿಸಬಹುದಂತೆ. ತೊಟ್ಟಿಲನ್ನು ತೊಲೆಗೆ ಹಗ್ಗದಿಂದ ಕಟ್ಟುತ್ತೇವಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ತೆರೆದ ಮೇಲೆ ಮೊದಲ ವಾರ ಊರಿನ ಹೆಂಗಸರೆಲ್ಲ ನಡೆದೇ ದಾಟಿದೆವು. ನಮ್ಮತ್ತೆ ನಡುವೆ ನಿಂತು ಕೆಳಗೆ ನೋಡಿದರು. ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ, 'ಒಂದು ಸಲ ರಾತ್ರಿ ದಾಟವು' ಎಂದರು. ಹಗಲು ದಾಟಿ ಗೊತ್ತಿತ್ತಲ್ಲ, ರಾತ್ರಿ ದಾಟಬಹುದೆಂಬುದೇ ಅವರಿಗೆ ಹೊಸದು. ಸರಿಯಾದ ಮಾತೇ ಅನಿಸಿತು ನನಗೆ. ಸೇತುವೆ ನಮಗೆ ಕೊಟ್ಟದ್ದು ರಾತ್ರಿಯನ್ನು. ಈಗ ಆಂಬುಲೆನ್ಸು ಯಾವ ಹೊತ್ತಿಗೂ ದಾಟುತ್ತದೆ. ತವರಿನಲ್ಲಿ ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು, ಅಮ್ಮನ ಹತ್ತಿರ ಎರಡು ಮಾತಾಡಿ ಎದ್ದರೂ ಮನೆ ಸೇರಬಹುದು.

ಹಾಗಾದರೆ ಎಲ್ಲ ಸುಖವೇ ಎಂದು ಕೇಳುತ್ತೀರಿ. ಇಲ್ಲ, ನಾನು ಬರೆಯಲು ಕೂತದ್ದೇ ಇಲ್ಲಿಂದ ಮುಂದಿನದನ್ನು.

ಸೇತುವೆ ಹದಿನಾರು ಮೀಟರ್ ಅಗಲ. ಅದರಿಂದ ಇಳಿದು ಒಳಗೆ ಹೋದ ಹಾಗೆ ಸಿಗುವುದು ಹಳೆಯ ಸಪೂರ ರಸ್ತೆಗಳು, ಕಾಡಿನ ನಡುವೆ ಹಾವಿನ ಹಾಗೆ ತಿರುಗುವಂಥವು. ಮುಂಚೆ ಲಾಂಚ್ ಒಂದು ಸಲಕ್ಕೆ ಇಷ್ಟೇ ವಾಹನವೆಂದು ತಡೆದು ಬಿಡುತ್ತಿತ್ತು. ಈಗ ತಡೆಯಿಲ್ಲ. ಶನಿವಾರ ಭಾನುವಾರ ದೂರದೂರಿನ ಕಾರುಗಳು ಸೇತುವೆಯ ವೇಗದಲ್ಲೇ ಒಳಗೆ ನುಗ್ಗುತ್ತವೆ. ರಸ್ತೆಯ ಬದಿಯಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಹೋಗುವ ಹೆಂಗಸು ಎಲ್ಲಿಗೆ ಸರಿಯಬೇಕು? ಒಂದು ಕಡೆ ಚರಂಡಿ, ಇನ್ನೊಂದು ಕಡೆ ದರೆ. ಸೇತುವೆಗೆ ತಕ್ಕ ರಸ್ತೆಯಾಗಬೇಕು. ಹಾಗೆಂದು ಕಾಡನ್ನೆಲ್ಲ ಬೋಳಿಸಿ ರಸ್ತೆ ಮಾಡಿ ಎಂದು ನಾನು ಹೇಳಲಾರೆ. ತಿರುವಿನಲ್ಲಿ ಒಂದಿಷ್ಟು ಅಗಲ, ಊರಿನ ಬಳಿ ನಡೆಯುವವರಿಗೆ ಒಂದು ಅಂಚು, ಶಾಲೆಯ ಹತ್ತಿರ ವೇಗ ತಗ್ಗಿಸುವ ಉಬ್ಬು, ಇಷ್ಟಾದರೆ ಎಷ್ಟೋ ಜೀವ ಉಳಿದಾವು.

ಬಸ್ಸಿನ ಮಾತು ಅದಕ್ಕಿಂತ ದೊಡ್ಡದು. ಸ್ವಂತ ಕಾರಿದ್ದವರಿಗೆ ಸೇತುವೆ ಬಂದ ದಿನವೇ ಬಂತು. ನಮ್ಮಲ್ಲಿ ಮನೆಯ ಬೈಕು ಗಂಡಸರ ಕೈಯಲ್ಲಿ. ಹೆಂಗಸರು ಮತ್ತು ಮಕ್ಕಳು ಬಸ್ಸು ಬಂದರೆ ಮಾತ್ರ ಸೇತುವೆ ದಾಟುವವರು. ಸಂಜೆ ಆರರ ಮೇಲೆ ಸಾಗರದಿಂದ ಒಳಊರುಗಳಿಗೆ ಬಸ್ಸಿಲ್ಲದಿದ್ದರೆ, ನಮ್ಮ ಪಾಲಿಗೆ ಕೊನೆಯ ಲಾಂಚ್ ಇನ್ನೂ ನಿಂತಿಲ್ಲವೆಂದೇ ಲೆಕ್ಕ. ಡಿಗ್ರಿ ಓದುವ ಹುಡುಗಿಯನ್ನು ಹಾಸ್ಟೆಲಿನಲ್ಲಿ ಬಿಡುವುದೋ ದಿನಾ ಓಡಾಡಿಸುವುದೋ ಎಂಬುದು ಆ ಒಂದು ಬಸ್ಸಿನ ಮೇಲೆ ನಿಂತಿದೆ. ಎರಡೂ ಸಾಧ್ಯವಿಲ್ಲದ ಮನೆಯಲ್ಲಿ ಓದು ನಿಲ್ಲುವುದು ಯಾರದು? ಮಗನದಂತೂ ಅಲ್ಲ.

ಇನ್ನು ಕಾಲುಸಂಕ. ಬಯಲುಸೀಮೆಯ ಸೋದರಿಯರಿಗೆ ಈ ಪದ ಹೊಸದಿರಬಹುದು. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳ ಮೇಲೆ ಎರಡು ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿರುತ್ತಾರೆ. ಅದೇ ಕಾಲುಸಂಕ. ಮಲೆನಾಡಿನ ಮತ್ತು ಘಟ್ಟದ ಕೆಳಗಿನ ಎಷ್ಟೋ ಮನೆಗಳಿಗೆ ರಸ್ತೆ ಸೇರಲು ಇರುವ ದಾರಿ ಅದೊಂದೇ. ಪಾಚಿ ಕಟ್ಟಿ ಜಾರುತ್ತದೆ, ಒಳಗೇ ಕುಂಬಾಗಿ ಗೊತ್ತಾಗದ ಹಾಗೆ ಮುರಿಯುತ್ತದೆ. ಹಾಲಿನ ಕ್ಯಾನು ಹಿಡಿದು ಅದರ ಮೇಲೆ ದಾಟುವುದು ಹೆಂಗಸರು, ಚೀಲ ಬೆನ್ನಿಗೆ ಹಾಕಿ ದಾಟುವುದು ಮಕ್ಕಳು. 2022ರ ಆಗಸ್ಟಿನಲ್ಲಿ ಘಟ್ಟದ ಕೆಳಗೆ ಬೈಂದೂರಿನ ಕಡೆ ಎರಡನೆಯ ತರಗತಿಯ ಪುಟ್ಟ ಹುಡುಗಿ ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಆ ಸುದ್ದಿ ಓದಿದ ದಿನ ನಮ್ಮ ಕೇರಿಯಲ್ಲಿ ಯಾರೂ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ.

ಸರ್ಕಾರ ಕಾಲುಸಂಕಗಳ ಬದಲು ಸಣ್ಣ ಕಾಂಕ್ರೀಟ್ ಸೇತುವೆ ಮಾಡಿಸುತ್ತಲೇ ಬಂದಿದೆ, ಇಲ್ಲವೆನ್ನಲಾರೆ. ಆದರೆ ಕೆಲಸ ನಿಧಾನ. ಎರಡು ಮನೆ, ಮೂರು ಮನೆಗಾಗಿ ಯಾರು ಬಂದು ಅಳತೆ ತೆಗೆಯುತ್ತಾರೆ? ನಾನೂರೆಪ್ಪತ್ತು ಕೋಟಿಯ ಸೇತುವೆಗೆ ಮಂತ್ರಿಗಳು ಬರುತ್ತಾರೆ, ಹತ್ತು ಅಡಿಯ ಸಂಕಕ್ಕೆ ಟೇಪು ಕತ್ತರಿಸಲು ಯಾರೂ ಬರುವುದಿಲ್ಲ. ಮಳೆಗಾಲದ ರಾತ್ರಿ ನೋವು ತಿನ್ನುವವಳನ್ನು ದೊಡ್ಡ ಸೇತುವೆಯ ತನಕ ತರಬೇಕಾದರೆ ಮೊದಲು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತು ದಾಟಿಸಬೇಕಾದದ್ದು ಆ ಹತ್ತು ಅಡಿಯನ್ನೇ.

ನಮ್ಮದಾದರೂ ಆಯಿತು. ರಾಯಚೂರಿನ ಕಡೆ ಕೃಷ್ಣೆಯ ನಡುವಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಸೋದರಿಯರನ್ನು ನೆನೆಸಿಕೊಳ್ಳಿ. ಅವರದು ನಾಲ್ಕೂ ಕಡೆ ನೀರು. ದಾಟಲು ತೆಪ್ಪ, ಪ್ರವಾಹ ಬಂದರೆ ಅದೂ ಇಲ್ಲ. ಅಲ್ಲಿಯ ಸೇತುವೆಯ ಕೆಲಸ ಶುರುವಾಗಿ, ವರ್ಷಗಟ್ಟಲೆ ಕಂಬದ ಹಂತದಲ್ಲೇ ನಿಂತಿತ್ತು. ನಮ್ಮ ಕಡೆಯೇ ಹಸಿರುಮಕ್ಕಿಯಲ್ಲೂ ಹೀಗೇ ಎಷ್ಟೋ ಮಳೆಗಾಲ ಬರಿಯ ಕಂಬ ನೋಡಿಕೊಂಡೇ ಜನ ಲಾಂಚ್ ಹತ್ತಿದ್ದಾರೆ.

ನೀವು ಸಿಗಂದೂರಿಗೆ ಬರುವವರಿದ್ದರೆ ಬನ್ನಿ, ದೇವಿಯ ದರ್ಶನ ಮಾಡಿ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿಕೊಂಡು ಫೋಟೋಕ್ಕೆ ನಿಲ್ಲಬೇಡಿ, ಹಿಂದೆ ಆಂಬುಲೆನ್ಸು ಬರುತ್ತಿರಬಹುದು. ಚಿಪ್ಸಿನ ಚೀಲ, ನೀರಿನ ಬಾಟಲಿ ಹಿನ್ನೀರಿಗೆ ಎಸೆಯಬೇಡಿ. ತುಮರಿ, ಬ್ಯಾಕೋಡಿನ ಕಡೆ ಹೋದರೆ ಮನೆಯಲ್ಲಿ ಮಾಡಿದ ಹಪ್ಪಳ, ಉಪ್ಪಿನಕಾಯಿ, ಜೇನುತುಪ್ಪ ಕೇಳಿ ತೆಗೆದುಕೊಳ್ಳಿ. ದಾರಿ ಬದಿಯ ದೊಡ್ಡ ಅಂಗಡಿಯಲ್ಲಿ ಸಿಗುವುದು ಎಲ್ಲೆಲ್ಲಿಂದಲೋ ಬಂದದ್ದು. ಮತ್ತು ತಿರುವಿನಲ್ಲಿ ಮೆಲ್ಲಗೆ ಹೋಗಲು ನಿಮ್ಮ ಯಜಮಾನರಿಗೆ ಹೇಳಿ.

ನಮ್ಮ ಕೇರಿಯ ಹೆಂಗಸರೆಲ್ಲ ಸೇರಿ ಒಂದು ಅರ್ಜಿ ಬರೆದಿದ್ದೇವೆ. ಕೇಳಿದ್ದು ಎರಡೇ: ಸಾಗರದಿಂದ ಸಂಜೆ ಏಳಕ್ಕೆ ಒಂದು ಬಸ್ಸು, ನಮ್ಮ ಹಳ್ಳಕ್ಕೆ ಕೈಪಿಡಿ ಇರುವ ಒಂದು ಸಂಕ. ಅಕ್ಷರ ನನ್ನದು, ಸಹಿ ಎಲ್ಲರದು. ಅತ್ತೆ ಹೆಬ್ಬೆಟ್ಟು ಒತ್ತಲು ಒಪ್ಪದೆ ಕನ್ನಡಕ ಹಾಕಿಕೊಂಡು ಹೆಸರನ್ನೇ ಬರೆದರು. ಅರ್ಜಿ ಕೊಡಲು ನಾವು ಮೂವರು ಬೆಳಗಿನ ಬಸ್ಸಿಗೇ ಸೇತುವೆ ದಾಟಿ ಹೋಗಿದ್ದೆವು. ಕಛೇರಿಯಲ್ಲಿ, 'ಸೇತುವೆ ಆಯ್ತಲ್ಲಮ್ಮ, ಇನ್ನೇನು?' ಎಂದು ಕೇಳಿದರು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬಂದಿದ್ದೇವೆ. ಮಳೆಗಾಲಕ್ಕೆ ಮುಂಚೆ ಮತ್ತೆ ಹೋಗಿ ವಿಚಾರಿಸುತ್ತೇವೆ.